ಉಳಿತಾಯದ ಹಣವನ್ನು ಯಾವ ಸಂಸ್ಥೆಗೆ ಕೊಡುವುದು?

ಪ್ರಶ್ನೆ (ನಿವೃತ್ತ ಶಿಕ್ಷಕಿ, ಹಾಸನ ಜಿಲ್ಲೆ): ಮಾನ್ಯರೇ, ನಿವೃತ್ತಿಯ ವೇಳೆ ಬಂದ ಹಣದಲ್ಲಿ 6 ಲಕ್ಷ ರೂಪಾಯಿಯನ್ನು ದಾನಕ್ಕೆಂದೇ ಬೇರೆಯಾಗಿ ಠೇವಣಿ ಇಟ್ಟಿದ್ದೆ, ಮುಂದಿನ ತಿಂಗಳು ಅದರ ಅವಧಿ ಮುಗಿಯುತ್ತದೆ. ಮಗುವೊಂದರ ಹೃದಯ ಶಸ್ತ್ರಚಿಕಿತ್ಸೆಗೆ ಇಂದೇ ಹಣ ಕಳುಹಿಸಬೇಕೆಂದು ಒಂದು ಸಂಸ್ಥೆಯವರು ಮೇಲಿಂದ ಮೇಲೆ ಫೋನ್ ಮಾಡುತ್ತಿದ್ದಾರೆ, ದಾನ ಕೊಟ್ಟವರಿಗೆ ಆದಾಯ ತೆರಿಗೆಯಲ್ಲಿ ಸಿಗುವ 80ಜಿ ವಿನಾಯಿತಿಯೂ ಇದೆ ಎನ್ನುತ್ತಾರೆ. ನಮ್ಮ ತಾಲ್ಲೂಕಿನಲ್ಲೇ ಒಂದು ವೃದ್ಧಾಶ್ರಮವಿದೆ, ಆದರೆ ಅಲ್ಲಿ ಬಂದ ಹಣದ ಅರ್ಧಭಾಗ ಸಂಬಳಕ್ಕೇ ಹೋಗುತ್ತದೆಂದು ಪರಿಚಿತರು ಹೇಳಿದರು. ನನ್ನ ಪಿಂಚಣಿ ವರ್ಷಕ್ಕೆ ಸುಮಾರು 6 ಲಕ್ಷ. ಯಾರನ್ನು ನಂಬಿ ಕೊಡಲಿ?

ಉತ್ತರ (ಲೆಕ್ಕಪರಿಶೋಧಕರು): ಮೇಡಂ, ಮೊದಲು ತೆರಿಗೆಯ ಮಾತನ್ನು ಮುಗಿಸಿಬಿಡುತ್ತೇನೆ. ಹೊಸ ತೆರಿಗೆ ಪದ್ಧತಿಯಲ್ಲಿ ದಾನಕ್ಕೆ ವಿನಾಯಿತಿಯೇ ಇಲ್ಲ. 2025-26ರಿಂದ 12 ಲಕ್ಷದವರೆಗಿನ ಆದಾಯಕ್ಕೆ ಆ ಪದ್ಧತಿಯಲ್ಲಿ ರಿಯಾಯಿತಿ ಇರುವುದರಿಂದ ನಿಮ್ಮ ಪಿಂಚಣಿಗೆ ತೆರಿಗೆಯೂ ಬರುವುದಿಲ್ಲ. ಆದ್ದರಿಂದ 80ಜಿ ಎಂಬ ಆಕರ್ಷಣೆ ನಿಮ್ಮ ಪಾಲಿಗೆ ಲೆಕ್ಕಕ್ಕಿಲ್ಲ. 80ಜಿ ನೋಂದಣಿ ಇದೆ ಎಂಬುದು ಸಂಸ್ಥೆಯ ಕೆಲಸದ ಗುಣಮಟ್ಟಕ್ಕೆ ಸಿಕ್ಕ ಪ್ರಮಾಣಪತ್ರವೂ ಅಲ್ಲ.

ಫೋನ್ ಮಾಡುತ್ತಿರುವವರನ್ನು ಮಗು ಯಾವ ಆಸ್ಪತ್ರೆಯಲ್ಲಿದೆ, ಆಸ್ಪತ್ರೆಯ ಖಾತೆಗೇ ರೋಗಿಯ ನೋಂದಣಿ ಸಂಖ್ಯೆ ನಮೂದಿಸಿ ಹಣ ಕಟ್ಟಬಹುದೇ ಎಂದು ಕೇಳಿ. ಬಡ ಕುಟುಂಬವಾದರೆ ಆಯುಷ್ಮಾನ್ ಭಾರತ್ – ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ವರ್ಷಕ್ಕೆ 5 ಲಕ್ಷದವರೆಗೆ ನೆರವಿದೆ. ಅದಕ್ಕೆ ಅರ್ಜಿ ಹಾಕಿದ್ದಾರೆಯೇ ಎಂಬುದನ್ನೂ ವಿಚಾರಿಸಿ. ನಿಜವಾದ ಪ್ರಕರಣವಾದರೆ ಇವಕ್ಕೆ ಐದು ನಿಮಿಷದಲ್ಲಿ ಉತ್ತರ ಸಿಗುತ್ತದೆ. "ಇಂದೇ" ಎಂಬ ಒತ್ತಾಯ ಮಾತ್ರ ಮುಂದುವರಿದರೆ ಫೋನ್ ಇಟ್ಟುಬಿಡಿ.

ವೃದ್ಧಾಶ್ರಮದ ವಿಷಯದಲ್ಲಿ ನಿಮ್ಮ ಪರಿಚಿತರ ಅಳತೆಗೋಲನ್ನು ನಾನು ಒಪ್ಪುವುದಿಲ್ಲ. ಹಾಸಿಗೆ ಹಿಡಿದ ಹಿರಿಯರನ್ನು ರಾತ್ರಿ ಮಗ್ಗುಲು ಬದಲಿಸಿ ಮಲಗಿಸುವ ಆಯಾಳ ಸಂಬಳ, ಅಡುಗೆಯವರ ಸಂಬಳ, ನರ್ಸ್ ಸಂಬಳ, ಇವೆಲ್ಲವೂ ಅಲ್ಲಿ ಸೇವೆಯೇ. ಸಂಬಳಕ್ಕೆ ಖರ್ಚೇ ಇಲ್ಲವೆಂದು ಹೇಳಿಕೊಳ್ಳುವ ವೃದ್ಧಾಶ್ರಮವನ್ನು ಕಂಡರೆ ನನಗೆ ಹೆಚ್ಚು ಅನುಮಾನ. ಆಡಳಿತ ವೆಚ್ಚದ ಶೇಕಡಾವಾರನ್ನು ಬದಿಗಿಟ್ಟು, ಕಳೆದ ಮೂರು ವರ್ಷಗಳ ಆದಾಯ-ವೆಚ್ಚ ಪಟ್ಟಿ, ಆಸ್ತಿ-ಹೊಣೆ ಪಟ್ಟಿ ಮತ್ತು ಲೆಕ್ಕಪರಿಶೋಧನಾ ವರದಿಯನ್ನು ಕೇಳಿ ಪಡೆಯಿರಿ. ವರದಿಯಲ್ಲಿ ಟ್ರಸ್ಟಿಗಳಿಗೂ ಅವರ ಬಂಧುಗಳಿಗೂ ಸಂದಾಯವಾದ ಮೊತ್ತದ ವಿವರ ಇರುತ್ತದೆ. ಕಟ್ಟಡ ಟ್ರಸ್ಟಿಯದೇ ಆಗಿದ್ದು ಬಾಡಿಗೆ ಊರಿನ ದರಕ್ಕಿಂತ ಬಹಳ ಹೆಚ್ಚಿದ್ದರೆ ನಿಮ್ಮ ಹಣ ಎಲ್ಲಿಗೆ ಹೋಗುತ್ತದೆಂದು ಬೇರೆ ಹೇಳಬೇಕಾಗಿಲ್ಲ. "ಕಾರ್ಯಕ್ರಮ ವೆಚ್ಚ" ಎಂಬ ಒಂದೇ ಸಾಲಿನಲ್ಲಿ ದೊಡ್ಡ ಮೊತ್ತ ಬರೆದು ಅನುಬಂಧ ಕೊಡದಿದ್ದರೂ ಪ್ರಶ್ನಿಸಿ. ಆಮೇಲೆ ಮುಂಚಿತವಾಗಿ ತಿಳಿಸದೆ ಮಧ್ಯಾಹ್ನ ಊಟದ ಹೊತ್ತಿಗೆ ಒಮ್ಮೆ ಹೋಗಿ ಬನ್ನಿ. ಕಾಗದ ಹೇಳದ ಎಷ್ಟೋ ಸಂಗತಿ ಅಡುಗೆಮನೆಯಲ್ಲಿ ತಿಳಿಯುತ್ತದೆ.

ಪೂರ್ತಿ 6 ಲಕ್ಷವನ್ನು ಒಮ್ಮೆಗೇ ಕೊಡಬೇಡಿ. ಈ ವರ್ಷ ಒಂದು ಲಕ್ಷ ಕೊಟ್ಟು, ಮುಂದಿನ ವರ್ಷದ ಲೆಕ್ಕ ನೋಡಿ ಮುಂದುವರಿಸಿ. ಉಳಿದದ್ದು ಠೇವಣಿಯಲ್ಲೇ ಇರಲಿ. ನಿಮ್ಮ ಸ್ವಂತ ಔಷಧೋಪಚಾರಕ್ಕೆಂದು ತೆಗೆದಿಟ್ಟ ಹಣ ಬೇರೆಯಾಗಿಯೇ ಇದೆ ಎಂದು ಭಾವಿಸಿ ಇಷ್ಟು ಬರೆದಿದ್ದೇನೆ. ಇಲ್ಲವಾದರೆ ಮೊದಲು ಅದಾಗಲಿ.

ಪ್ರಶ್ನೆ (ಬಳಗದ ಇನ್ನೊಬ್ಬ ಸದಸ್ಯರು): ಸರ್, ಹಾಗೆ ಕಂತಿನಲ್ಲಿ ಕೊಡುವ ಬದಲು ತಂದೆತಾಯಿಯ ಹೆಸರಿನಲ್ಲಿ ದತ್ತಿ ಇಟ್ಟರೆ ಬಡ್ಡಿ ಶಾಶ್ವತವಾಗಿ ಬರುತ್ತಿರುತ್ತದಲ್ಲವೇ?

ಉತ್ತರ: ಇಡಬಹುದು. ಆದರೆ ಅದು ಮೂಲಧನವೆಂದು ನೀವು ಲಿಖಿತವಾಗಿ ತಿಳಿಸಿರಬೇಕು. ಇಲ್ಲದಿದ್ದರೆ ಸಂಸ್ಥೆ ಅದನ್ನು ಆ ವರ್ಷದ ಸಾಮಾನ್ಯ ಆದಾಯವೆಂದು ತೆಗೆದುಕೊಂಡು ಖರ್ಚು ಮಾಡುತ್ತದೆ, ಅದರಲ್ಲಿ ತಪ್ಪೂ ಇಲ್ಲ. ಶಾಶ್ವತ ಎಂಬ ಮಾತಿನ ಬಗ್ಗೆ ಮಾತ್ರ ನನಗೆ ಸಂಶಯವಿದೆ. ಒಂದು ಕಾಲದಲ್ಲಿ 10,000 ರೂಪಾಯಿ ದತ್ತಿಯಿಂದ ಬಹುಮಾನ ಕೊಟ್ಟು ಸಭೆಯನ್ನೂ ನಡೆಸುತ್ತಿದ್ದರು. ಇಂದು ಶೇಕಡಾ 6ರ ಬಡ್ಡಿಯಲ್ಲಿ ಅದಕ್ಕೆ ಸಿಗುವುದು ವರ್ಷಕ್ಕೆ 600 ರೂಪಾಯಿ, ಹಾರಕ್ಕೂ ಶಾಲಿಗೂ ಸಾಲುವುದಿಲ್ಲ. ಬಡ್ಡಿಯ ಒಂದು ಭಾಗವನ್ನು ಪ್ರತಿವರ್ಷ ಮೂಲಧನಕ್ಕೆ ಸೇರಿಸಬೇಕೆಂದೂ, ಉದ್ದೇಶ ಅಸಾಧ್ಯವಾದರೆ ಸಮೀಪದ ಬೇರೆ ಉದ್ದೇಶಕ್ಕೆ ಬಳಸಬಹುದೆಂದೂ ಪತ್ರದಲ್ಲಿ ಬರೆದರೆ ಮುಂದಿನವರಿಗೆ ಅನುಕೂಲ.

ಪ್ರಶ್ನೆ (ಮೊದಲ ಪ್ರಶ್ನೆ ಕೇಳಿದವರು): ವಿವರಕ್ಕೆ ಧನ್ಯವಾದಗಳು. ಅಮೆರಿಕದಲ್ಲಿರುವ ಮಗನೂ ಸ್ವಲ್ಪ ಸೇರಿಸುತ್ತೇನೆ ಎನ್ನುತ್ತಿದ್ದಾನೆ. ನನ್ನ ಖಾತೆಗೆ ಹಾಕಿಸಿಕೊಂಡು ಕೊಡಬಹುದೇ?

ಉತ್ತರ: ಅವರ ಪಾಸ್‌ಪೋರ್ಟ್ ಯಾವ ದೇಶದ್ದು ಎಂಬುದರ ಮೇಲೆ ನಿಂತಿದೆ. ಇನ್ನೂ ಭಾರತದ ಪ್ರಜೆಯಾಗಿದ್ದರೆ ತಮ್ಮ ಸ್ವಂತ ಉಳಿತಾಯವನ್ನು ಬ್ಯಾಂಕ್ ಮೂಲಕ ನೇರವಾಗಿ ಸಂಸ್ಥೆಗೇ ಕಳುಹಿಸಬಹುದು. ಅದು ವಿದೇಶಿ ದೇಣಿಗೆಯಾಗುವುದಿಲ್ಲ. ಅಮೆರಿಕದ ಪೌರತ್ವ ಪಡೆದಿದ್ದರೆ, ಓಸಿಐ ಕಾರ್ಡ್ (ವಿದೇಶಿ ಪೌರತ್ವವುಳ್ಳ ಭಾರತ ಮೂಲದವರಿಗೆ ಕೊಡುವ ಕಾರ್ಡ್) ಇದ್ದರೂ ಅದು ವಿದೇಶಿ ದೇಣಿಗೆಯೇ. ಎಫ್‌ಸಿಆರ್‌ಎ, ಅಂದರೆ ವಿದೇಶಿ ದೇಣಿಗೆ ನಿಯಂತ್ರಣ ಕಾಯ್ದೆಯಡಿ ನೋಂದಣಿಯುಳ್ಳ ಸಂಸ್ಥೆ ಮಾತ್ರ, ದೆಹಲಿಯ ಸ್ಟೇಟ್ ಬ್ಯಾಂಕ್ ಮುಖ್ಯ ಶಾಖೆಯ ನಿಗದಿತ ಖಾತೆಯ ಮೂಲಕ ಅದನ್ನು ಸ್ವೀಕರಿಸಬಹುದು. ನಿಮ್ಮ ಖಾತೆಯ ಮೂಲಕ ಸುತ್ತಿಸಿ ಕೊಡುವ ದಾರಿ ಬೇಡ. ಅದರಿಂದ ತೊಂದರೆಯಾದರೆ ಅನುಭವಿಸಬೇಕಾದದ್ದು ಆ ವೃದ್ಧಾಶ್ರಮ.