ಪದಚರ್ಚೆ: ‘ಕ್ಷಣಿಕ ವೇಗ’ ಅನ್ನಬಹುದಾ? ಫಿಸಿಕ್ಸ್‌ಗೆ ಬೇಕಾದ ಕ್ಯಾಲ್ಕ್ಯುಲಸ್ ಮಾತುಗಳು

ಎಲ್ಲರಿಗೂ ನಮಸ್ಕಾರ.

ಇಲ್ಲಿ ಉಡುಪಿಯಲ್ಲಿ, ಕನ್ನಡ ಮಾಧ್ಯಮದಿಂದ ಪಿಯುಸಿ ಸೈನ್ಸಿಗೆ ಬಂದ ಕೆಲವು ಮಕ್ಕಳಿಗೆ ಸಂಜೆ ಹೊತ್ತು ಫಿಸಿಕ್ಸ್ ಹೇಳಿಕೊಡುತ್ತೇನೆ. ಅವರಿಗೆಂದು ಕನ್ನಡದಲ್ಲಿ ಸಣ್ಣ ಟಿಪ್ಪಣಿ ಬರೆಯುತ್ತಿದ್ದೇನೆ. ಫಸ್ಟ್ ಪಿಯುಸಿ ಫಿಸಿಕ್ಸ್‌ನಲ್ಲಿ ಚಲನೆಯ ಪಾಠ ಶುರುವಿಗೇ ಬರುತ್ತದೆ. ಅದಕ್ಕೆ ಬೇಕಾದ ಡಿಫರೆನ್ಸಿಯೇಶನ್ ಮ್ಯಾಥ್ಸ್ ಪುಸ್ತಕದ ಕೊನೆಯ ಕಡೆಗೆ ಇದೆ. ಇಂಟಿಗ್ರೇಶನ್ ಅಂತೂ ಸೆಕೆಂಡ್ ಪಿಯುಸಿಗೆ. ನಡುವೆ ಸಿಕ್ಕಿಬಿದ್ದ ಮಕ್ಕಳು ಸುಮ್ನೆ ಸೂತ್ರ ಬಾಯಿಪಾಠ ಹೊಡೆಯುತ್ತಾರೆ. ಪಾಪ, ಇನ್ನೇನು ಮಾಡ್ತಾರೆ ಹೇಳಿ?

ನನ್ನ ಮೊದಲ ಪ್ರಶ್ನೆ ‘ಕ್ಷಣಿಕ ವೇಗ’ದ ಬಗ್ಗೆ. ಇಂಥ ಹೊತ್ತಿಗೆ ಇಷ್ಟು ವೇಗ ಅಂತ ಹೇಳಬೇಕಾದಾಗ ಈ ಪದ ಬಳಸಿದ್ದನ್ನು ನೋಡಿದ್ದೇನೆ. ನನಗೆ ಯಾಕೋ ಒಗ್ಗುವುದಿಲ್ಲ. ಕ್ಷಣಿಕ ಅಂದರೆ ಬೇಗ ಮುಗಿದುಹೋಗುವಂಥದ್ದು ಅಲ್ವಾ? ಹೆದ್ದಾರಿಯಲ್ಲಿ ಅರ್ಧ ಗಂಟೆ ಒಂದೇ ಸಮನೆ ಅರವತ್ತರಲ್ಲಿ ಹೋಗುವ ಬಸ್ಸಿಗೂ ಪ್ರತಿ ಕ್ಷಣಕ್ಕೆ ಒಂದು ವೇಗ ಇದೆ. ಅದರಲ್ಲಿ ಕ್ಷಣಿಕವಾದದ್ದು ಏನೂ ಇಲ್ಲ.

ಮಕ್ಕಳಿಗೆ ನಾನು ತೋರಿಸುವುದು ತೆಂಗಿನಕಾಯಿ ಲೆಕ್ಕ. ಗಾಳಿಯ ತಡೆ ಬಿಟ್ಟರೆ, ಬೀಳುವ ಕಾಯಿ ಇಳಿದ ದೂರ ಅಂದರೆ ಸೆಕೆಂಡಿನ ವರ್ಗದ 4.9 ಪಟ್ಟು, ಮೀಟರಿನಲ್ಲಿ. ಮೂವತ್ತು ಅಡಿಗಿಂತ ಸ್ವಲ್ಪ ಜಾಸ್ತಿ ಎತ್ತರದಿಂದ ಬಿದ್ದರೆ 1.4 ಸೆಕೆಂಡಿಗೆ ನೆಲದಲ್ಲಿ. ಸರಿ, ಒಂದನೇ ಸೆಕೆಂಡ್ ಮುಗಿಯುವಾಗ ಅದರ ವೇಗ ಎಷ್ಟು? ಆ ಕ್ಷಣದೊಳಗೆ ಇಳಿದ ದೂರ ಸೊನ್ನೆ, ಹಿಡಿದ ಸಮಯವೂ ಸೊನ್ನೆ. ಭಾಗಿಸಲಿಕ್ಕೇ ಆಗುವುದಿಲ್ಲ. ಹಾಗಾಗಿ ಅಲ್ಲಿಂದ ಮುಂದಕ್ಕೆ ಒಂದು ತುಂಡು ಸಮಯ ಹಿಡಿಯಬೇಕು. 1ರಿಂದ 1.4 ಸೆಕೆಂಡಿನವರೆಗೆ ಸರಾಸರಿ ಸೆಕೆಂಡಿಗೆ 11.76 ಮೀಟರ್. 1.1ರವರೆಗೆ ಮಾತ್ರ ಹಿಡಿದರೆ 10.29. 1.01ರವರೆಗೆ 9.849. ತುಂಡು ಕಿರಿದಾದಷ್ಟೂ ಉತ್ತರ 9.8ರ ಹತ್ತಿರ ಹತ್ತಿರ ಬರುತ್ತದೆ. ಮಕ್ಕಳ ಕೈಯಲ್ಲೇ ಕ್ಯಾಲ್ಕುಲೇಟರ್ ಕೊಟ್ಟು ಮಾಡಿಸಿದ ಮೇಲೆ, ಇದನ್ನೇ ಬರೆಯುವ ಗುರುತು ‘ಡಿಎಕ್ಸ್ ಬೈ ಡಿಟಿ’ (dx/dt) ಅಂದರೆ ಯಾರೂ ಹೆದರುವುದಿಲ್ಲ.

ಎರಡನೇ ಭಾಸ್ಕರಾಚಾರ್ಯರು 1150ರ ಸಿದ್ಧಾಂತಶಿರೋಮಣಿಯಲ್ಲಿ ಇದಕ್ಕೆ ಹತ್ತಿರದ ವಿಚಾರಕ್ಕೆ ‘ತಾತ್ಕಾಲಿಕ ಗತಿ’ ಅಂದಿದ್ದಾರೆ. ಚಂದ್ರನ ವೇಗ ಒಂದೇ ದಿನದೊಳಗೂ ಏರುಪೇರಾಗುತ್ತದೆ. ದಿನದ ಸರಾಸರಿ ಸ್ಥೂಲ, ಆ ಹೊತ್ತಿನದ್ದು ಸೂಕ್ಷ್ಮ ಅಂತ ಬೇರೆ ಮಾಡಿದರು. ಚಂದದ ಪದ. ಆದರೆ ಈಗ ತಾತ್ಕಾಲಿಕ ಅಂದರೆ ಗುತ್ತಿಗೆ ನೌಕರಿ ನೆನಪಾಗುತ್ತದೆ, ಏನು ಮಾಡುವುದು ಮಾರಾಯ್ರೆ? ‘ಆ ಗಳಿಗೆಯ ವೇಗ’ ಅನ್ನೋಣ ಎಂದರು ಗೆಳೆಯರೊಬ್ಬರು. ಪಂಚಾಂಗದ ಗಳಿಗೆ 24 ನಿಮಿಷ! ಅಷ್ಟರೊಳಗೆ ಸುರತ್ಕಲ್‌ನಲ್ಲಿದ್ದ ಬಸ್ಸು ಮೂಲ್ಕಿ ಮುಟ್ಟಿರುತ್ತದೆ. ಸದ್ಯಕ್ಕೆ ನಾನು ‘ಆ ಕ್ಷಣದ ವೇಗ’ ಅಂತಲೇ ಬರೆಯುತ್ತಿದ್ದೇನೆ.

ಎರಡನೆಯದು ಅವಕಲನ (ಡಿಫರೆನ್ಸಿಯೇಶನ್), ಅನುಕಲನ (ಇಂಟಿಗ್ರೇಶನ್). ಇವು ಬರೀ ಪುಸ್ತಕದ ಪದಗಳು, ಕ್ಲಾಸಿನಲ್ಲಿ ಎಲ್ಲರೂ ‘ಡಿಫರೆನ್ಸಿಯೇಟ್ ಮಾಡು’, ‘ಇಂಟಿಗ್ರೇಟ್ ಮಾಡು’ ಅನ್ನುವವರೇ. ಆದರೂ ಪ್ರೈಮರಿಯಲ್ಲಿ ಸಂಕಲನ, ವ್ಯವಕಲನ ಕಲಿತ ಮಕ್ಕಳಿಗೆ ಇಲ್ಲಿ ಒಂದು ಹಿಡಿ ಸಿಗುತ್ತದೆ. ಮೇಲಿನ ತೆಂಗಿನಕಾಯಿ ಲೆಕ್ಕ ಶುರುವಾದದ್ದೇ ಎರಡು ದೂರಗಳ ಕಳೆಯುವಿಕೆಯಿಂದ. ಇಂಟಿಗ್ರೇಶನ್ ಅಂದರೆ ಅದರ ಉಲ್ಟಾ, ಸಣ್ಣ ಸಣ್ಣ ತುಂಡುಗಳನ್ನು ಕೂಡಿಸುತ್ತಾ ಹೋಗುವುದು.

ಈ ಕೂಡಿಸುವ ಕೆಲಸ ಗೊತ್ತಾದರೆ ಫಿಸಿಕ್ಸ್‌ನ ಎಷ್ಟೋ ಬಾಯಿಪಾಠ ತಪ್ಪುತ್ತದೆ. ‘ಸರ್, ಈ ಅರ್ಧ ಎಲ್ಲಿಂದ ಬಂತು?’ ಅಂತ ಹುಡುಗಿಯೊಬ್ಬಳು ಕೇಳಿದಳು. ನಿಂತಲ್ಲಿಂದ ಹೊರಟು ಒಂದೇ ಸಮನೆ ವೇಗ ಹೆಚ್ಚಿಸಿಕೊಳ್ಳುವ ವಸ್ತು ಹೋದ ದೂರದ ಸೂತ್ರದಲ್ಲಿ ಅರ್ಧ ಇದೆ. ಎಳೆದ ಸ್ಪ್ರಿಂಗಿನ ಶಕ್ತಿಯಲ್ಲೂ ಅರ್ಧ, ಚಾರ್ಜ್ ಆದ ಕೆಪಾಸಿಟರ್‌ನಲ್ಲೂ ಅರ್ಧ. ಮೂರೂ ಬೇರೆ ಬೇರೆ ಪಾಠ, ಆದರೆ ಅರ್ಧ ಒಂದೇ. ಸೊನ್ನೆಯಿಂದ ನೇರ ಗೆರೆಯಲ್ಲಿ ಏರುವುದನ್ನು ಕೂಡಿಸಿದರೆ ಗ್ರಾಫಿನ ಅಡಿಯಲ್ಲಿ ಸಿಗುವುದು ತ್ರಿಕೋನ. ಅದರ ವಿಸ್ತೀರ್ಣ ಪಾದ ಗುಣಿಸು ಎತ್ತರದ ಅರ್ಧ. ಅಷ್ಟೇ ಗುಟ್ಟು. ಗೆರೆ ನೇರ ಇಲ್ಲದಿದ್ದರೆ, ಅಂದರೆ ವೇಗ ಏರುವ ಪರಿ ಕ್ಷಣಕ್ಷಣಕ್ಕೂ ಬೇರೆಯಾದರೆ, ಬಾಯಿಪಾಠ ಮಾಡಿದ ದೂರದ ಆ ಸೂತ್ರ ಕೆಲಸಕ್ಕೆ ಬಾರದು. ಮಕ್ಕಳು ಜಾಸ್ತಿ ತಪ್ಪುವುದು ಇಲ್ಲೇ. ತೂಗಾಡುವ ಸ್ಪ್ರಿಂಗಿಗೂ ಅದೇ ಸೂತ್ರ ಹಚ್ಚಿಬಿಡುತ್ತಾರೆ.

ಕೊನೆಗೆ ‘ಲಿಮಿಟ್’. ಇದಕ್ಕೆ ‘ಮಿತಿ’ ಅಂದರೆ ಮಕ್ಕಳಿಗೆ ಹೊಳೆಯುವುದು ವೇಗದ ಮಿತಿ, ದಾಟಬಾರದ್ದು. ನಮ್ಮ ಲೆಕ್ಕದಲ್ಲಿ 9.8 ಅಂಥ ಬೇಲಿ ಅಲ್ಲ, ಹತ್ತಿರವಾಗುತ್ತಾ ಹೋಗುವ ಗುರಿ. ‘ಸೀಮೆ’ಗೂ ಅದೇ ಗತಿ. ಪಾಠ ಮಾಡುವವರು ಯಾರಾದರೂ ಇದ್ದರೆ, ನಿಮ್ಮ ಕ್ಲಾಸಿನಲ್ಲಿ ಏನನ್ನುತ್ತೀರಿ? ಡಿಕ್ಷನರಿ ಪದ ನನ್ನ ಹತ್ತಿರ ಇದೆ, ಬಾಯಲ್ಲಿ ಆಡುವ ಪದ ಬೇಕು.