ಹಂಚಿನ ಮನೇಲಿ ಊಟದ ಟೇಬಲ್ ಮೇಲೆ ಪೆಂಡೆಂಟ್ ಲೈಟ್ ಹಾಕ್ಬಹುದಾ?

ತುಂಗೆ ದಡ:
ತೀರ್ಥಹಳ್ಳಿ ಹತ್ರ ನಮ್ದು ಹಳೇ ಹಂಚಿನ ಮನೆ, ಈಗ ರಿಪೇರಿ ನಡೀತಿದೆ. ಅಮ್ಮಂಗೆ ಮಂಡಿ ನೋವು, ಕೆಳಗೆ ಕೂತು ಉಣ್ಣೋಕಾಗಲ್ಲ ಅಂತ ಆರಡಿ ಉದ್ದ ಮೂರಡಿ ಅಗಲದ ಟೇಬಲ್ ತಂದಾಯ್ತು, ಅದ್ರ ಮೇಲೆ ಡಿಸೈನರ್ ಪೆಂಡೆಂಟ್ ಲೈಟ್ (ಮೇಲಿಂದ ತೂಗುಬಿಡೋ ದೀಪ) ಬೇಕು ಅಂತ ಮನೆಯವಳ ಆಸೆ. ಸೀಲಿಂಗ್ ಇಲ್ಲ, ತಲೆ ಎತ್ತಿದ್ರೆ ತೊಲೆ ಪಕಾಸಿ ಹಂಚು ಅಷ್ಟೆ. ಶಿವಮೊಗ್ಗಕ್ಕೆ ಹೋಗಿ ದುರ್ಗಿಗುಡಿ ಸುತ್ತಿ ಬಂದ್ವಿ, ಬಿದಿರು ಕಾಗದ ಹಿತ್ತಾಳೆ ಗಾಜು ಎಲ್ಲಾ ಚಂದವೇ ಕಾಣುತ್ತೆ ಮಾರಾಯ್ರೆ, ಯಾವ್ದು ತಗೊಳ್ಳೋದು? ಎಷ್ಟು ಎತ್ತರಕ್ಕೆ? ಎಲೆಕ್ಟ್ರಿಷಿಯನ್ ಏಳಡಿ ಮೇಲೇ ಇರ್ಲಿ, ತಲೆ ತಾಗುತ್ತೆ ಅಂತಾನೆ.

ಬೆಳಕಿನ ಹುಚ್ಚ:
ಏಳಡಿಗೆ ಕಟ್ಟಿದ್ರೆ ಅದು ಪೆಂಡೆಂಟ್ ಯಾಕೆ, ಟ್ಯೂಬ್‌ಲೈಟೇ ಸಾಕಲ್ರಿ. ಕೆಳಗೆ ಟೇಬಲ್ ಇರುತ್ತೆ, ಅಲ್ಲಿ ಯಾರು ನಡೀತಾರೆ ತಲೆ ತಾಗೋಕೆ? ಟೇಬಲ್ ಹಲಗೆಯಿಂದ ಶೇಡಿನ ಕೆಳ ಅಂಚಿಗೆ 30-32 ಇಂಚು ಬಿಡಿ, ಕೂತಾಗ ಎದುರಿನವರ ಮುಖ ಕಾಣ್ಬೇಕು, ಬಲ್ಬ್ ಕಣ್ಣಿಗೆ ಹೊಡೀಬಾರ್ದು, ಅಷ್ಟೇ ಲೆಕ್ಕ. ಡೆನ್ಮಾರ್ಕಿನ ಪೌಲ್ ಹೆನಿಂಗ್ಸನ್ 1958ರಲ್ಲಿ ಮಾಡಿದ ಪಿಎಚ್ 5 ಅನ್ನೋ ಲ್ಯಾಂಪಿನ ಫೋಟೋ ಹುಡುಕಿ ನೋಡಿ, ತಟ್ಟೆ ಮೇಲೆ ತಟ್ಟೆ ಇಟ್ಟಂಗಿದೆ, ಯಾವ ಕಡೆ ಕೂತ್ರೂ ಬಲ್ಬ್ ನೇರ ಕಾಣದ ಹಾಗೆ ಮಾಡಿದಾನೆ ಪುಣ್ಯಾತ್ಮ. ಅದರ ಅಡ್ಡಳತೆ 50 ಸೆಂಟಿಮೀಟರ್, ನಿಮ್ಮ ಮೂರಡಿ ಟೇಬಲ್ಲಿಗೂ ಹೆಚ್ಚೂಕಮ್ಮಿ ಅಷ್ಟೇ ಬೇಕು, ಟೇಬಲ್ ಅಗಲದ ಅರ್ಧಕ್ಕಿಂತ ಸ್ವಲ್ಪ ಜಾಸ್ತಿ. ಬಲ್ಬ್ 2700 ಕೆಲ್ವಿನ್ ವಾರ್ಮ್, ಅಂದ್ರೆ ಹಳದಿ ಬೆಳಕಿಂದು ಹಾಕಿ, ಬಿಳಿ ಬಲ್ಬ್ ಹಾಕಿದ್ರೆ ಊಟದ ಕೋಣೆ ಮೆಡಿಕಲ್ ಶಾಪ್ ಆಗುತ್ತೆ.

ಸಾಗರದ ಸೊಸೆ:
ಎತ್ತರ ಎಲ್ಲಾ ಸರಿ, ಆದ್ರೆ ನಮ್ಮೂರಿನ ಮಳೆಗಾಲ ಯಾರೂ ಲೆಕ್ಕಕ್ಕೇ ತಗೊಳಲ್ವಲ್ಲ! ಕಾಗದದ್ದು ಬೇಡವೇ ಬೇಡ. ಶಿಲ್ಪಿ ಇಸಾಮು ನೊಗುಚಿ 1951ರಲ್ಲಿ ಶುರು ಮಾಡಿದ ಅಕಾರಿ ಅನ್ನೋ ಕಾಗದದ ಲ್ಯಾಂಪ್ ನಂಗೂ ಪ್ರಾಣ, ಆದ್ರೆ ಆಷಾಢದಲ್ಲಿ ಬಟ್ಟೆನೇ ವಾರಗಟ್ಲೆ ಒಣಗದ ಮನೇಲಿ ಕಾಗದಕ್ಕೆ ಬೂಷ್ಟು ಹಿಡಿಯೋದು ಗ್ಯಾರಂಟಿ. ಬಿದಿರಿಗೆ ಬೂಷ್ಟಿನ ಜೊತೆ ಕುಟ್ಟೆಹುಳದ ಕಾಟ ಬೇರೆ. ಹಿತ್ತಾಳೆ ಕಪ್ಪಾಗುತ್ತೆ, ಹುಣಸೆಹಣ್ಣು ಹಾಕಿ ತಿಕ್ಕೋರು ಇದ್ರೆ ತಗೊಳ್ಳಿ (ಯಾರು ತಿಕ್ಕೋದು ಅಂತ ಮನೆಯವರನ್ನ ಮೊದ್ಲೇ ಕೇಳಿ). ಇನ್ನೊಂದು, ಬಟ್ಟಲಿನ ತರ ಮೇಲ್ಮುಖ ಇರೋ ಶೇಡ್ ತಗೋಬೇಡಿ, ಮೊದಲ ಮಳೆಗೆ ರೆಕ್ಕೆಹುಳ ಎದ್ದಾಗ ಎಲ್ಲಾ ಅದರೊಳಗೇ ಬಿದ್ದು ಸಾಯುತ್ತೆ. ಗಂಟೆ ತರ ಕೆಳಮುಖ ಇರೋದು, ಅಲ್ಯೂಮಿನಿಯಂ ಅಥವಾ ಪಿಂಗಾಣಿ, ಒದ್ದೆ ಬಟ್ಟೇಲಿ ಒರೆಸಿದ್ರೆ ಆಯ್ತು. ಪಕ್ಕದಲ್ಲೇ ಸೌದೆ ಒಲೆ ಇದ್ರಂತೂ ಹೊಗೆ ಜಿಡ್ಡು ಕೂರುತ್ತೆ, ಒರೆಸಕ್ಕೆ ಬರೋದೇ ಬೇಕು.

ವೈರ್‌ಮನ್ ಮಲ್ನಾಡ್:
ಪಕಾಸಿಗೆ, ರೀಪಿಗೆ ಕಟ್ಬೇಡಿ ಸಾರ್, ತೊಲೆಗೇ ಹುಕ್ ಹಾಕ್ಸಿ. ಲೈಟಿನ ಭಾರ ವೈರ್ ಮೇಲೆ ಬರಬಾರ್ದು, ಭಾರದ್ದಾದ್ರೆ ಸ್ಟೀಲ್ ಕೇಬಲ್ ಅಥವಾ ಚೈನ್ ಇರೋದೇ ತಗೊಳ್ಳಿ. ತೊಲೆ ಟೇಬಲ್ಲಿನ ನಡುವಿಗೆ ಸರಿಯಾಗಿ ಇಲ್ದಿದ್ರೆ ಅಡ್ಡ ಒಂದು ಮರದ ಪಟ್ಟಿ ಕೊಡ್ಸಿ. ಆ ಜಾಗದಲ್ಲಿ ಹಂಚು ಸೋರುತ್ತಾ ನೋಡ್ಕೊಂಡೇ ವೈರ್ ಎಳೀರಿ. ಶೇಡ್ ಲೋಹದ್ದಾದ್ರೆ ಅರ್ಥಿಂಗ್ ಬೇಕು. ಮುಖ್ಯ ವಿಷ್ಯ, ಎಲ್ಇಡಿ ಒಳಗೇ ಕೂರಿಸಿರೋ ಮಾಡೆಲ್ ಬೇಡ, ಮಾಮೂಲಿ ಹೋಲ್ಡರ್ ಇರ್ಲಿ. ಸಿಡಿಲಿಗೋ ವೋಲ್ಟೇಜ್ ಏರಿಳಿತಕ್ಕೋ ಹೋದ್ರೆ ಬಲ್ಬ್ ಬದಲಾಯಿಸಿದ್ರೆ ಮುಗೀತು, ಇಲ್ದಿದ್ರೆ ಎಲ್ಇಡಿಗೆ ಕರೆಂಟ್ ಕೊಡೋ ಡ್ರೈವರ್ ಅನ್ನೋ ಪಾರ್ಟ್ ಹುಡ್ಕೊಂಡು ಬೆಂಗಳೂರಿಗೆ ಹೋಗ್ಬೇಕು.

ತುಂಗೆ ದಡ:
ಎಲ್ರಿಗೂ ಥ್ಯಾಂಕ್ಸ್. ಅಟ್ಟದ ಮೇಲೆ ಅಜ್ಜನ ಕಾಲದ ಗ್ಯಾಸ್‌ಲೈಟ್ (ಪೆಟ್ರೋಮ್ಯಾಕ್ಸ್) ಇದೆ, ಅದಕ್ಕೇ ಬಲ್ಬ್ ಹಾಕಿ ತೂಗುಹಾಕಿದ್ರೆ ಹೆಂಗೆ?

ಬೆಳಕಿನ ಹುಚ್ಚ:
ಅದನ್ನ ಜಗಲೀಲಿ ಹಾಕಿ, ಚಂದ ಕಾಣುತ್ತೆ. ಟೇಬಲ್ ಮೇಲೆ ಬೇಡ, ಅದರ ಬೆಳಕು ಸುತ್ತಲೂ ಕಣ್ಣಿಗೇ ಹೊಡೆಯುತ್ತೆ, ತಟ್ಟೆಗೆ ಬೀಳೋದು ತಳದ ಟ್ಯಾಂಕಿನ ನೆರಳು.