ಉಡುಪಿ ಹತ್ತಿರ ಗದ್ದಲ ಇಲ್ಲದ ಕಾಡು, ಕೆರೆ ಎಲ್ಲಿದೆ?

ಕಾಪು ಹುಡುಗಿ: ಬೀಚ್ ನೋಡಿ ಸಾಕಾಗಿದೆ. ಅಮ್ಮನ ಜೊತೆ ಒಂದು ದಿನ ಸುಮ್ನೆ ಕಾಡಿನಲ್ಲಿ ನಡೆಯಬೇಕು, ಪಕ್ಕದಲ್ಲಿ ನೀರಿದ್ದರೆ ಇನ್ನೂ ಖುಷಿ. ಕುದುರೆಮುಖ ಆಗಬಹುದಾ?

ಮಾಳದವ: ಖಂಡಿತ ಹೋಗಿ. ಕಾರ್ಕಳ, ಬಜಗೋಳಿ ದಾಟಿ ಮಾಳ ಘಾಟಿ ಹತ್ತಿದರೆ ರಾಷ್ಟ್ರೀಯ ಉದ್ಯಾನ. ಆದರೆ ಚೆಕ್‌ಪೋಸ್ಟ್ ದಾಟಿದ ಮೇಲೆ ಕಂಡಕಂಡಲ್ಲಿ ಗಾಡಿ ನಿಲ್ಲಿಸುವಂತಿಲ್ಲ, ಕಾಡೊಳಗೆ ನುಗ್ಗುವಂತಿಲ್ಲ, ಕುರಿಂಜಾಲ್ ಬೆಟ್ಟ ಹತ್ತಬೇಕಿದ್ದರೆ ಅರಣ್ಯ ಇಲಾಖೆಯ ಅನುಮತಿ ಮೊದಲೇ ಆನ್‌ಲೈನಲ್ಲಿ ಮಾಡಿಸಿಕೊಳ್ಳಿ. ಲಕ್ಯಾ ಅಣೆಕಟ್ಟಿನ ನೀರು ದೂರದಿಂದ ಚಂದ, ಇಳಿಯಲಿಕ್ಕಲ್ಲ. ತಳದಲ್ಲಿರುವುದು ಕುದುರೆಮುಖ ಗಣಿಯ ಕಬ್ಬಿಣದ ಅದಿರು ತೊಳೆದ ಹೂಳು. 2005ರ ಕೊನೆಗೆ ಆ ಗಣಿ ನಿಂತದ್ದು ಕಾಡಿಗೆ ಆದ ದೊಡ್ಡ ಉಪಕಾರ. ಮರದ ಮೇಲೆ ಕಪ್ಪು ಮೈ, ಮುಖದ ಸುತ್ತ ಬೂದು ಕೂದಲು ಕಂಡರೆ ಅದು ಸಿಂಗಳೀಕ. ತಿಂಡಿ ಮಾತ್ರ ಕೊಡಬೇಡಿ ಮಾರಾಯ್ರೆ.

ಬಜ್ಪೆ ಅಕ್ಕ: ಮಳೆಗಾಲದಲ್ಲಿ ಉಂಬಳ (ಜಿಗಣೆ) ಜಾಸ್ತಿ, ಉಪ್ಪು ಇಟ್ಟುಕೊಳ್ಳಿ. ಅಮ್ಮನಿಗೆ ಗಂಟುನೋವು ಇದ್ದರೆ ಮಂಗಳೂರು ಹತ್ತಿರದ ಪಿಲಿಕುಳ ನಿಸರ್ಗಧಾಮವೇ ಒಳ್ಳೆಯದು, ಕೆರೆಯೂ ಇದೆ, ಮರದ ನೆರಳೂ ಇದೆ. ಸೋಮವಾರ ಬೇಡ, ರಜೆ. ಭಾನುವಾರವೂ ಬೇಡ, ಜನ ತುಂಬಿರುತ್ತಾರೆ.

ಕಾಪು ಹುಡುಗಿ: ಅಮ್ಮ ನನಗಿಂತ ಜೋರಾಗಿ ನಡೆಯುತ್ತಾರೆ ಅಕ್ಕ! ಮಳೆ ಬಿಟ್ಟ ಮೇಲೆ, ನವೆಂಬರಿಗೆ ಕುರಿಂಜಾಲ್‌ಗೆ ಅನುಮತಿ ನೋಡುತ್ತೇನೆ.